ಮೆಣಸಿನ ಗಿಡಕ್ಕೆ ತಾಗಿದ ದೃಷ್ಟಿ

ನಿತಿನ ಹೊಗಳದೇ ಇದ್ದಿದ್ದರೆ ಅಂಬಾದಾಸನ ಮೆಣಸಿನ ಗಿಡಕ್ಕೆ ಏನೂ ಆಗುತ್ತಿರಲಿಲ್ಲ.

ಪಕ್ಕದ ಮನೆಯ ನಿತಿನ ಬೆಳಗ್ಗೆ ಹಲ್ಲುಜ್ಜುತ್ತ ತನ್ನ ಬಾಲ್ಕನಿಗೆ ಬಂದವನು, "ಅರೇ ವಾ! ಕಾಯ್ ಮಸ್ತ್ ಮಿರ್ಚಿ ಆಹೇ, ಕಾಕಾ!" ಎಂದು ಕಾಯಿಗಳ ಚಂದಕ್ಕೆ ನೊರೆ ಬಾಯಲ್ಲೇ ಮರಾಠಿಯಲ್ಲಿ ಉದ್ಗರಿಸಿದ.

ಕುಂಡದಲ್ಲಿದ್ದದ್ದು ಒಂದೇ ಗಿಡ. ಅದರಲ್ಲಿ ಐದೇ ಕಾಯಿ. ಕೆಂಪು ಸೀರೆಯುಟ್ಟು ಬಿಸಿಲಿಗೆ ಕೂತ ಅಜ್ಜಿಯರಂತೆ ಅವು ಸುಕ್ಕುಗಟ್ಟಿ ತೂಕಡಿಸುತ್ತಿದ್ದವು. ಬೀಜ ಕೊಟ್ಟವಳು ಧಾರವಾಡದ ಅಕ್ಕ ಇಂದೂ. ಆಮೇಲೆ ಅವಳ ಹಿತ್ತಲಿಗೆ ಫರ್ಸಿಕಲ್ಲು ಹಾಸಿಸಿದ್ದರಿಂದ ಆ ಜಾತಿ ಉಳಿದದ್ದು ಪುಣೆಯ ಈ ಕುಂಡದಲ್ಲಿ ಮಾತ್ರ.

"ನಾಳಿಗೆ ಬರ್ತೀನೋ ತಮ್ಮಾ. ಬೀಜ ನಾನ ತಗೀತೀನಿ. ನೀ ಮುಟ್ಟಬ್ಯಾಡ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಅವನು ಮುಟ್ಟಿರಲಿಲ್ಲ.

ಮಧ್ಯಾಹ್ನ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಅಂಬಾದಾಸ ಮೆಟ್ಟಿಲ ಬಳಿಗೆ ಓಡಿದ. ಮೇಲಿನ ಮನೆಯ ಶಿವಕಾಂತಾಬಾಯಿಯನ್ನು ಕರೆದ.

"ದೃಷ್ಟಿ ಆಗ್ಯಾದ್ರಿ. ಮುಂಜಾನೆ ಯಾರರ ಹೊಗಳಿದ್ರೇನು?"

"ನಿತಿನ..."

"ಆತಲ್ಲ! ಅವನ ಕಣ್ಣು ನಮ್ಮ ಕುಕ್ಕರಿಗೂ ತಾಗಿತ್ರಿ. ಸೀಟಿ ಹೊಡ್ಯೂದ ಬಿಟ್ಟದ. ಈಗ ದೃಷ್ಟಿ ಇಳಿ ತಗದು ಬಿಡೂಣು. ಕೆಂಡ, ಉಪ್ಪು, ಸಾಸಿವಿ ನಂದು. ಒಣಾ ಮೆಣಸಿನಕಾಯಿ ಅಷ್ಟ ಬೇಕು."

"ನಮ್ಮನ್ಯಾಗ ಖಾರದ ಪುಡಿ ಅದರಿ."

"ಪುಡಿಗೆ ದೃಷ್ಟಿ ಹೋಗ್ತದೇನ್ರಿ? ಅಖಂಡ ಕಾಯಿ ಬೇಕು. ಕೆಂಡಕ್ಕ ಹಾಕಿದಾಗ ಘಾಟು ಬರಲಿಲ್ಲಂದ್ರ ದೃಷ್ಟಿ ಖರೇ. ಬಂತಂದ್ರ ಏನೂ ಆಗಿಲ್ಲಂತ. ಲಗೂನ ತರ್ರಿ!"

ಮನೆಯ ಬಾಗಿಲನ್ನು ಆಕೆಗೆ ಒಪ್ಪಿಸಿ ಅವನು ಓಡಿದ. ಅಂಗಡಿಯ ಶಟರ್ ಇಳಿದಿತ್ತು. ಪುಣೆಯ ಅಂಗಡಿಕಾರ ಮಧ್ಯಾಹ್ನ ನಿದ್ದೆ ಮಾಡುವಾಗ ದೇವರು ಬಂದರೂ ನಾಲ್ಕರ ಮೇಲೆ ಬಾ ಎನ್ನುತ್ತಾನೆ. ಇನ್ನೊಂದು ಅಂಗಡಿಯೂ ಬಂದ್, ಮತ್ತೊಂದೂ ಬಂದ್. ಮೊದಲಿನ ಅಂಗಡಿಗೇ ಮರಳಿ, ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕೂತ.

ಗಾಳಿ ತಣ್ಣಗಿತ್ತು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಅಕ್ಕ ಬಿತ್ತಿದ ಬೀಜಗಳು ಮೊಳೆತು, ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿ, ಇಡೀ ಅಪಾರ್ಟ್‌ಮೆಂಟು ಕೆಂಪಾಗಿ ತೂಗುತ್ತಿತ್ತು. ಲಿಫ್ಟಿನಲ್ಲೂ ಒಂದು ಗಿಡ. ಅಕ್ಕ ಮೋಡದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಿತಿನ ಎಷ್ಟು ಹೊಗಳಿದರೂ ಒಂದು ಎಲೆಯೂ ಬಾಡುತ್ತಿರಲಿಲ್ಲ.

ಶಟರ್ ಏಳುವ ಸದ್ದಿಗೆ ಕನಸು ಹರಿಯಿತು. ಮೆಣಸಿನಕಾಯಿ ಕಟ್ಟಿಸಿಕೊಂಡು ಓಡಿ ಬಂದ.

ಮೆಟ್ಟಿಲ ಮೇಲೆಲ್ಲ ಕೆಮ್ಮು. ನಿತಿನ ಕಣ್ಣೊರೆಸಿಕೊಳ್ಳುತ್ತ, ಸೀನುತ್ತ ಕೆಳಗೆ ಓಡುತ್ತಿದ್ದ. ಶಿವಕಾಂತಾಬಾಯಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತು ನಗುತ್ತಿದ್ದಳು.

"ಹೆದರಬ್ಯಾಡ್ರಿ! ಎಂಥಾ ಘಾಟು ಬಂತಂತೀರಿ! ದೃಷ್ಟಿ ಆಗೇ ಇಲ್ಲ. ಗಿಡ ಬಿಸಲಿಗೆ ಬಾಡಿತ್ತು ಅಷ್ಟ. ಈಗ ನೋಡ್ರಿ, ಹ್ಯಾಂಗ ನೆಟ್ಟಗ ನಿಂತದ."

ಗಿಡ ನಿಜಕ್ಕೂ ನೆಟ್ಟಗೆ, ಹಚ್ಚಗೆ ನಿಂತಿತ್ತು. ಬರೀ ಹಸಿರು.

"ಮೆಣಸಿನಕಾಯಿ...?" ಅಂಬಾದಾಸ ಪೊಟ್ಟಣ ಹಿಡಿದೇ ಎಲೆಗಳ ಕೆಳಗೆ ಹುಡುಕಿದ.

"ನೀವು ಬರಲೇ ಇಲ್ಲ, ಕೆಂಡ ಆರಾಕತ್ತಿತ್ತು. ಗಿಡದಾಗ ಐದು ಒಣಗಿದ್ದುವಲ್ಲ, ಅವನ್ನ ಹರದು ಇಳಿ ತಗದೆ."

ಕೆಂಡದಲ್ಲಿ ಅಕ್ಕನ ಹಿತ್ತಲು ಬೂದಿಯಾಗಿತ್ತು. ಅಂಬಾದಾಸನ ಕಣ್ಣಿಂದ ನೀರು ಇಳಿಯಿತು. ಶಿವಕಾಂತಾಬಾಯಿ ಕಾಯಿಲ್ಲದ ಗಿಡವನ್ನು ಪ್ರೀತಿಯಿಂದ ಸವರಿದಳು.

"ಚಿಂತಿ ಬಿಡ್ರಿ. ಇನ್ನ ಇದರ ಮ್ಯಾಲೆ ಯಾರ ಕಣ್ಣೂ ಬೀಳಂಗಿಲ್ಲ."