ಮೂರು ಗಂಟೆ ದಾರಿಯ ರಸಪುರಿ

ಮೇ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಎಂಟೂ ಹತ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಸುಶೀಲ ಮತ್ತು ವ್ಯಾಪಾರಿ ಬಷೀರ್ ಸಾಹೇಬರು. ಇಷ್ಟು ನಿಖರವಾಗಿ ಬರೆಯುವುದು ನನ್ನ ಹಳೆಯ ರೋಗ. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವನು ನಾನು. ಗಡಿಯಾರ ನೋಡದೆ ಕೆಮ್ಮಲೂ ಬರುವುದಿಲ್ಲ.

ಗುವಾಹಟಿಯಲ್ಲಿರುವ ನನ್ನ ತಂಗಿ ಪದ್ಮ ಮೊಣಕಾಲು ನೋವಿನಿಂದಾಗಿ ಊರಿಗೆ ಬಾರದೆ ಆರು ವರ್ಷವಾಗಿತ್ತು. "ಅಣ್ಣಾ, ನೀನು ಬರೋದಾದ್ರೆ ನಮ್ಮೂರ ರಸಪುರಿ ತಗೊಂಡ್ಬಾ. ಇನ್ನೇನೂ ಬೇಡ" ಎಂದಿದ್ದಳು. ಮರುದಿನ ಬೆಳಿಗ್ಗೆ ನನ್ನ ವಿಮಾನ.

"ಗುವಾಹಟಿ ಅಂದ್ರೆ ಸುಮಾರು ಎರಡು ಸಾವಿರ ಕಿಲೋಮೀಟರ್" ಎಂದು ನಾನು ಶುರುಮಾಡಿದೆ.

"ಕಿಲೋಮೀಟರ್ ನಮ್ಗ್ಯಾಕೆ ಸಾರ್? ಹಣ್ಣು ದಾರೀಲಿ ಎಷ್ಟೊತ್ತು ಇರುತ್ತೆ, ಅದು ಹೇಳಿ" ಎಂದರು ಸಾಹೇಬರು. ತಿನ್ನುವ ಹೊತ್ತು ಕೇಳದೆ ಅವರು ಹಣ್ಣು ಮುಟ್ಟುವವರಲ್ಲ.

"ಮೂರೇ ಗಂಟೆ."

"ರೀ, ಇನ್ನೂ ಗಟ್ಟಿಯಾಗಿರೋದು ತಗೊಳ್ಳಿ" ಎಂದಳು ಸುಶೀಲ.

"ನಿಂಗೆ ವಿಮಾನದ ವೇಗ ಗೊತ್ತಿಲ್ಲ ಕಣೇ, ಸುಮ್ನಿರು."

ಸಾಹೇಬರು ಘಮಘಮಿಸುವ ಹನ್ನೆರಡು ಹಣ್ಣು ಆರಿಸಿ, "ಇವತ್ತಿನ ಹಣ್ಣು ಸಾರ್. ನಾಳೆಗೆ ಅಳುತ್ತೆ" ಎಂದು ಎಚ್ಚರಿಸಿಯೇ ಕೊಟ್ಟರು. ಪೆಟ್ಟು ಬೀಳದಿರಲೆಂದು ಅವನ್ನು ಸೂಟ್‌ಕೇಸಿನಲ್ಲಿ ನನ್ನ ಮೂರು ಬಿಳಿ ಅಂಗಿಗಳ ನಡುವೆ ಮಲಗಿಸಿದೆ.

ಟೈಮ್‌ಕೀಪರ್ ಆದವನು ಗಾಡಿ ಬಿಟ್ಟ ಹೊತ್ತು, ಮುಟ್ಟಿದ ಹೊತ್ತು ಎರಡನ್ನೇ ಬರೆಯುತ್ತಾನೆ. ಪ್ರಯಾಣಿಕ ಮನೆ ಬಿಟ್ಟದ್ದು ಯಾವಾಗ ಎಂಬುದಕ್ಕೆ ಅವನ ಪುಸ್ತಕದಲ್ಲಿ ಜಾಗವೇ ಇಲ್ಲ. ವಿಮಾನದ ಮೂರು ಗಂಟೆ ಸರಿಯಾಗಿಯೇ ಇತ್ತು. ಆದರೆ ಹಣ್ಣು ಹೊರಟದ್ದು ಮಂಡಿಯಿಂದ. ಕೋಲಾರದ ಬಸ್ಸು, ಬೆಂಗಳೂರಿನಲ್ಲಿ ಭಾವಮೈದುನನ ಮನೆಯ ಸೆಕೆ, ತಡವಾದೀತೆಂದು ಐದು ಗಂಟೆ ಮುಂಚೆಯೇ ಹೋಗಿ ವಿಮಾನ ನಿಲ್ದಾಣದಲ್ಲಿ ಕೂತದ್ದು, ಅಲ್ಲಿಳಿದ ಮೇಲೆ ಟ್ಯಾಕ್ಸಿ ಸಿಕ್ಕಿಹಾಕಿಕೊಂಡ ರಸ್ತೆ. ತಂಗಿಯ ಬಾಗಿಲು ತಟ್ಟಿದಾಗ ಮಂಗಳವಾರ ಸಂಜೆ ನಾಲ್ಕು ಗಂಟೆ. ಒಟ್ಟು ಮೂವತ್ತೊಂದು ಗಂಟೆ ಐವತ್ತು ನಿಮಿಷ.

ಪದ್ಮ ಕುರ್ಚಿ ಎಳೆದುಕೊಂಡು ಸೂಟ್‌ಕೇಸಿನ ಎದುರೇ ಕೂತಳು. ತೆರೆದರೆ ಹಣ್ಣಿಲ್ಲ, ಸಿಪ್ಪೆ, ವಾಟೆ ಮತ್ತು ಹಳದಿ ಅಂಗಿಗಳು. ಆರು ವರ್ಷ ಕಾದವಳ ಎದುರು ನನಗೆ ತಲೆ ಎತ್ತಲಾಗಲಿಲ್ಲ.

ಅವಳು ಒಂದು ವಾಟೆ ಎತ್ತಿ ಚೀಪಿದಳು. ಕಣ್ಣು ಮುಚ್ಚಿಕೊಂಡೇ, "ಸೀಕರಣೆಗೆ ಹಿಂಡೋ ಕೆಲಸಾನೂ ನೀನೇ ಮುಗಿಸ್ಕೊಂಡು ಬಂದಿದ್ದೀಯಲ್ಲೋ ಅಣ್ಣಾ! ಹಾಲು ಸಕ್ಕರೆ ತಾ, ನಿಂತಿದ್ದೀಯ ಯಾಕೆ?" ಎಂದಳು. ಸಿಪ್ಪೆಯೊಳಗೆ ಉಳಿದಿದ್ದುದನ್ನು ಬಟ್ಟಲಿಗೆ ಬಳಿದುಕೊಂಡು, ಹನ್ನೆರಡು ವಾಟೆಗಳನ್ನೂ ಅವಳೇ ಚೀಪಿದಳು. ನನಗೊಂದೂ ಕೊಡಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಆ ದಿನದ ಕೊನೆಯ ಕೆಲಸ ಅಂಗಿ ಒಗೆಯುವುದು. ಎರಡು ಸಲ ಸೋಪು ಹಾಕಿ ಮೂರನೆಯ ಸಲಕ್ಕೆ ಕೈಹಾಕಿದಾಗ ಪದ್ಮ ಕುಂಟುತ್ತ ಬಂದು, "ಸಾಕು ಬಿಡೋ. ಊರಿನ ವಾಸ್ನೆ ಇನ್ನೆರಡು ದಿನ ಮನೇಲಿರ್ಲಿ" ಎಂದಳು. ಆರೂ ಇಪ್ಪತ್ತಕ್ಕೆ, ಬದುಕಿನಲ್ಲಿ ಮೊದಲ ಸಲ, ಕಲೆ ಉಳಿದ ಅಂಗಿಗಳನ್ನು ತಂತಿಗೆ ಹಾಕಿದೆ. ಕ್ಲಿಪ್‌ಗಳನ್ನು ಮಾತ್ರ ಸಮ ಅಂತರದಲ್ಲೇ ಸಿಕ್ಕಿಸಿದೆ.