ಅಪ್ಪನ ಬೂದು ಪ್ಯಾಂಟೂ ನನ್ನ ಮಾನವೂ

ಬಟ್ಟೆ ವಿಷಯದಲ್ಲಿ ನನ್ನ ಮಾನ ಒಂದೇ ಸಲಕ್ಕೆ ಹೋಗಿ ಮುಗಿಯಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಗ್ತಾನೇ ಇರುತ್ತೆ. ಪ್ರತಿ ಸಲವೂ ನಾನು ನಗಿಸೋಕೆ ಅಂತಲೇ ಶುರು ಮಾಡಿರ್ತೀನಿ. ಎಲ್ಲರೂ ನಗ್ತಾರೆ. ಕೊನೆಗೆ ತಲೆ ತಗ್ಗಿಸಿ ನಿಲ್ಲೋನು ನಾನೊಬ್ಬನೇ.

1. ಖಾಲಿ ಕಾಲು

ಕೆಸರೆಯ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ಟ್ರಂಕಿದೆ. ತುಂಬ ಅಪ್ಪನ ಹಳೇ ಬಟ್ಟೆ. "ಯಾಕಮ್ಮ ಇದನ್ನೆಲ್ಲ ಇಟ್ಕೊಂಡಿದೀಯ?" ಅಂದ್ರೆ, "ಇರ್ಲಿ ಬುಡೋ, ಫ್ಯಾಷನ್ನು ಮತ್ತೆ ಬತ್ತದೆ" ಅನ್ನೋಳು ಅಮ್ಮ.

ಅದರಲ್ಲೊಂದು ಬೂದು ಬಣ್ಣದ ಲೂಸ್ ಪ್ಯಾಂಟು. ಸೊಂಟ ಸಣ್ಣದು, ಕಾಲು ಮಾತ್ರ ಮದುವೆ ಶಾಮಿಯಾನ. ಎಸ್ಸೆಸ್ಸೆಲ್ಸಿ ಗಣಿತ ಎರಡನೇ ಸಲ ಕೈಕೊಟ್ಟು ನಾನು ಮನೇಲೇ ಬಿದ್ದಿದ್ದ ಕಾಲ. ಅಪ್ಪ ಅಮ್ಮ ಇಬ್ಬರೂ ಮನೇಲಿಲ್ಲದ ಒಂದು ದಿನ ಆ ಪ್ಯಾಂಟಿನ ಒಂದೇ ಕಾಲಿಗೆ ನನ್ನ ಎರಡೂ ಕಾಲು ತೂರಿಸಿ, ಇನ್ನೊಂದು ಕಾಲನ್ನ ಶಲ್ಯದ ಥರ ಹೆಗಲಿಗೆ ಹಾಕ್ಕೊಂಡು, ಬೀದಿಯುದ್ದಕ್ಕೂ ಕುಪ್ಪಳಿಸಿದೆ. ಹಿಂದಿನ ಜೇಬಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೆ: ಖಾಲಿ ಇದೆ, ಬಾಡಿಗೆಗಿದೆ.

ಎದುರುಮನೆ ಅಜ್ಜಿ ಕನ್ನಡಕ ಏರಿಸಿ ಓದಿ, "ಅಡ್ವಾನ್ಸ್ ಎಷ್ಟಪ್ಪ?" ಅಂದ್ರು.

2. ಮುಚ್ಚಳದ ಡಬ್ಬಿ

ನಮ್ಮ ಬೀದಿಗೆ ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡೋ ಅಕ್ಕ ಬರ್ತಾರೆ. ಅಮ್ಮ ಮನೇಲಿಲ್ಲದ ದಿನ ನಾನೇ ವ್ಯಾಪಾರಕ್ಕೆ ಕೂತೆ.

"ಪ್ಯಾಂಟಿಗೆ ಲೋಟ ಅಷ್ಟೇ ಕಣಪ್ಪ. ಡಬ್ಬಿ ಬೇಕಂದ್ರೆ ಸೀರೆ ತಕ್ಕೊಂಬಾ."

"ಅಕ್ಕಾ, ಕಾಲಿನ ಅಗಲ ನೋಡು. ಇದರಲ್ಲಿ ಎರಡು ಸೀರೆ ಆಗುತ್ತೆ!"

ನಾಲ್ಕು ಹಳೇ ಪ್ಯಾಂಟಿಗೆ ಮುಚ್ಚಳದ ಡಬ್ಬಿ ಗಿಟ್ಟಿಸಿ, ಅಮ್ಮ ಬರೋದನ್ನೇ ಕಾದೆ. ಅಮ್ಮ ಡಬ್ಬಿ ನೋಡಿದಳು. ಟ್ರಂಕು ನೋಡಿದಳು. ನೆಲಕ್ಕೆ ಕುಸಿದು ಕೂತಳು.

"ಆ ಬೂದು ಪ್ಯಾಂಟೂ ಕೊಟ್ಬುಟ್ಯೇನೋ? ನಿಮ್ಮಪ್ಪ ಒಂದು ತಿಂಗಳಿಂದ ರಾತ್ರಿ ಮುದ್ದೆ ಬುಟ್ಟಿರೋದು ಯಾಕೆ ಅನ್ಕೊಂಡೆ?"

ನಾನು ಶುಗರ್ ಅನ್ಕೊಂಡಿದ್ದೆ. ವಿಷಯ ಬೇರೇನೇ ಇತ್ತು. ಅಪ್ಪ ಹೆಬ್ಬಾಳದ ಫ್ಯಾಕ್ಟರಿ ಸೇರಿ ಇಪ್ಪತ್ತೈದು ವರ್ಷ ತುಂಬಿತ್ತು. ಮುಂದಿನ ಭಾನುವಾರ ಸನ್ಮಾನ. ಸೇರಿದ ದಿನದ ಬಟ್ಟೆ ಇನ್ನೂ ಯಾರ ಹತ್ರ ಇದೆ ಅಂತ ಜೊತೆಗಾರರು ಮಾತಾಡಿದಾಗ, "ನನ್ನ ಪ್ಯಾಂಟು ಹಂಗೇ ಐತೆ, ಅದರಲ್ಲೇ ಬತ್ತೀನಿ" ಅಂತ ಅಪ್ಪ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು. ಸೊಂಟ ಹಿಡಿಸಲಿ ಅಂತ ಈ ಉಪವಾಸ.

ಶಿಫ್ಟ್ ಮುಗಿಸಿ ಬಂದ ಅಪ್ಪ ಬೈಯಲಿಲ್ಲ. ಡಬ್ಬಿ ಎತ್ತಿ ನೋಡಿ, ಮೆಲ್ಲಗೆ ಕೇಳಿದರು: "ಇದನ್ನ ಹಾಕ್ಕೊಂಡು ಹೋಗ್ಲೇನೋ?"

3. ಯಾರದೋ ಅಪ್ಪಂದು

ಮಾರನೇ ದಿನ ಪಾತ್ರೆ ಅಕ್ಕನ್ನ ಹುಡುಕಿಕೊಂಡು ಹೋದೆ. "ಬಟ್ಟೆ ಇಟ್ಕೊಂಡು ಪೂಜೆ ಮಾಡ್ತೀನಾ? ಮಾರ್ಕೆಟ್ ಹಿಂದೆ ಫುಟ್‌ಪಾತಲ್ಲಿ ಹಳೇ ಬಟ್ಟೆ ಮಾರ್ತಾನಲ್ಲ, ಅವನಿಗೆ ಹಾಕ್ದೆ" ಅಂದರು.

ಓಡಿದೆ. ಉಳಿದ ಬಟ್ಟೆಯೆಲ್ಲ ರಾಶಿ, ಅಪ್ಪನ ಪ್ಯಾಂಟು ಮಾತ್ರ ಹ್ಯಾಂಗರಿನಲ್ಲಿ ರಾಜನ ಥರ ತೂಗಾಡ್ತಿದೆ! ಬೆಲೆ ಕೇಳಿದ್ರೆ, ನನ್ನ ಜೇಬಲ್ಲಿದ್ದ ದುಡ್ಡಿಗೆ ಅದರ ಒಂದು ಕಾಲೂ ಬರೋ ಹಂಗಿಲ್ಲ.

"ಹಳೇದಕ್ಕೆ ಇಷ್ಟಾ ಅಣ್ಣ?"

"ಲೂಸ್ ಪ್ಯಾಂಟಿಗೆ ಕಾಲೇಜ್ ಹುಡುಗ್ರು ಮುಗಿಬೀಳ್ತಾವ್ರೆ ಕಣಪ್ಪ. ಇದರ ಹಿಂದೆ ಡಿಸೈನ್ ಬೇರೆ ಐತೆ."

ಡಿಸೈನ್ ಅಂದ್ರೆ ನನ್ನ ಬರಹ.

"ಅಣ್ಣಾ, ಅದು ನಮ್ಮಪ್ಪಂದು."

"ಇಲ್ಲಿರೋದೆಲ್ಲ ಯಾರದೋ ಅಪ್ಪಂದೇ ಕಣಪ್ಪ."

ಕೊನೆಗೆ ನಾನು ಹಾಕ್ಕೊಂಡಿದ್ದ ಹೊಸ ಟೈಟ್ ಜೀನ್ಸನ್ನೇ ಕೊಡ್ತೀನಿ ಅಂದೆ. ಅವನು ಮೊಣಕಾಲಿನ ತೂತಿಗೆ ಬೆರಳು ಹಾಕಿ, "ಹರಿದೋಗೈತಲ್ಲ?" ಅಂದ. "ಅದು ಫ್ಯಾಷನ್ನು ಅಣ್ಣ!" "ಹೋದ ವರ್ಷದ್ದು" ಅಂತ ಮುಖ ಸಿಂಡರಿಸಿದ. ಜೇಬಲ್ಲಿದ್ದುದನ್ನೂ ಸುರಿದ ಮೇಲೆ ಒಪ್ಪಿದ. ಬಟ್ಟೆ ರಾಶಿ ಹಿಂದೆ ನಿಂತು ಜೀನ್ಸ್ ಬಿಚ್ಚಿಕೊಟ್ಟು, ಅಪ್ಪನ ಪ್ಯಾಂಟು ಏರಿಸಿ, ಪುಣ್ಯಕ್ಕೆ ಅಂಗಿ ಜೇಬಲ್ಲಿ ಉಳಿದಿದ್ದ ಬಸ್ಸಿನ ಚಿಲ್ಲರೆ ಹಿಡ್ಕೊಂಡು ಸಿಟಿ ಬಸ್ ಹತ್ತಿದೆ.

ಕಂಡಕ್ಟರ್ ನನ್ನ ಹಿಂಬದಿ ಓದಿಕೊಂಡು, "ಬಾಡಿಗೆದಾರರು ಒಳಗಿದ್ರೆ ಅವರಿಗೂ ಟಿಕೆಟ್ ತಗೋಪ್ಪ" ಅಂದ.

4. ಸನ್ಮಾನ

ಸೋಪು, ಸೀಮೆಎಣ್ಣೆ, ಟೂತ್‌ಪೇಸ್ಟು, ಯಾವುದಕ್ಕೂ ಆ ಬರಹ ಜಗ್ಗಲಿಲ್ಲ. ಹೇಳಿಬಿಡೋಣ ಅಂತ ಹೋದೆ. ಅಪ್ಪ ಪ್ಯಾಂಟು ಸಿಕ್ಕಿದ ಖುಷಿಗೆ ನನ್ನ ತಲೆ ಸವರಿದರು. ಹೇಳೋದು ಬಿಟ್ಟು ನಾನೇ ಇಸ್ತ್ರಿ ಮಾಡಿ, ಜೇಬು ಒಳಗೆ ಬರೋ ಹಾಗೆ ಮಡಿಸಿ ಕೊಟ್ಟು, "ಈಗ ಯಾರೂ ಇನ್‌ಶರ್ಟ್ ಮಾಡಲ್ಲ ಅಪ್ಪ, ಅಂಗಿ ಹೊರಗೇ ಬಿಡಿ" ಅಂದೆ. "ಆಯ್ತು ಕಣೋ" ಅಂದರು.

ಭಾನುವಾರ ಅಂಗಿ ಹೊರಗೇ ಇತ್ತು. ನಾನು ಅಮ್ಮನ ಪಕ್ಕ ನಿರಾಳವಾಗಿ ಕೂತಿದ್ದೆ. ಅಪ್ಪನ ಹೆಸರು ಕೂಗಿದರು. ವೇದಿಕೆಯ ಪರದೆ ಮೇಲೆ ಅಪ್ಪ ಕೆಲಸಕ್ಕೆ ಸೇರಿದಾಗಿನ ಫೋಟೋ ಬಂತು. ಅದೇ ಪ್ಯಾಂಟು, ನೀಟಾಗಿ ಇನ್‌ಶರ್ಟು. ಅಪ್ಪ ಅದನ್ನ ನೋಡಿದರು. ಮೆಟ್ಟಿಲ ಹತ್ರವೇ ನಿಂತು, ಅಂಗಿ ಒಳಗೆ ತೂರಿಸಿ, ನಮಗೆ ಬೆನ್ನು ಹಾಕಿ ವೇದಿಕೆ ಹತ್ತಿದರು.

ಮೊದಲು ಒಂದು ಸಾಲು ನಕ್ಕಿತು, ಆಮೇಲೆ ಇಡೀ ಹಾಲು. "ಬಾಡಿಗೆ ಎಷ್ಟಯ್ಯಾ?" ಅಂತ ಯಾರೋ ಕೂಗಿದರು. ಚಪ್ಪಾಳೆ ಗದ್ದಲದಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ಪ್ಯಾಂಟು ಮೆಚ್ಚಿಕೊಂಡರು ಅನ್ಕೊಂಡು, ಎರಡೂ ಕೈ ಅಗಲಿಸಿ ಒಂದು ಸುತ್ತು ತಿರುಗಿದರು. ನಗು ಜಾಸ್ತಿ ಆಯ್ತು. ಅಪ್ಪ ಇನ್ನೊಂದು ಸುತ್ತು ತಿರುಗಿದರು. ಅಮ್ಮ ನನ್ನ ಕಡೆ ತಿರುಗಿದಳು.

ಮನೆಗೆ ಬಂದು ಪ್ಯಾಂಟು ಬಿಚ್ಚಿದಾಗ ಅಪ್ಪ ಓದಿಕೊಂಡರು. ಹೊಡೆದಿದ್ರೆ ಚೆನ್ನಾಗಿತ್ತು. ಹೊಡೀಲಿಲ್ಲ.

"ಎರಡು ಸಲ ತಿರುಗಿಬಿಟ್ನಲ್ಲೋ" ಅಂದರು ಅಷ್ಟೇ.

ಅವತ್ತು ರಾತ್ರಿ ಮುದ್ದೆ ಬಿಟ್ಟವನು ನಾನು. "ತಪ್ಪಾಯ್ತು ಅಪ್ಪ" ಅಂದಾಗ ಪ್ಯಾಂಟು ನನ್ನ ಮಡಿಲಿಗೆ ಹಾಕಿದರು. "ಖಾಲಿ ಇದೆ ಅಂತ ನೀನೇ ಬರೆದಿದೀಯ. ನಾಳೆಯಿಂದ ಹಾಲು ತರೋಕೆ ಹೋಗುವಾಗ ಇದರೊಳಗೆ ನೀನೇ ಬಾಡಿಗೆಗೆ ಇರು. ಒಂದು ತಿಂಗಳು. ಅಂಗಿ ಇನ್ ಮಾಡ್ಕೊಂಡು."

ಮೊದಲನೇ ದಿನ ನೆಲ ನೋಡ್ಕೊಂಡೇ ಹಾಲಿನ ಬೂತಿಗೆ ಹೋದೆ. ಇಬ್ಬರು ಕಾಲೇಜ್ ಹುಡುಗರು ಹಿಂದೆ ಹಿಂದೆಯೇ ಬಂದರು. ಗೇಲಿ ಮಾಡಲಿ, ನನಗೆ ಆಗಬೇಕಾದ್ದೇ ಅನ್ಕೊಂಡೆ.

"ಬ್ರೋ, ಸೂಪರ್ ಪ್ಯಾಂಟು. ಹೊಸ ಮಾಡೆಲ್ಲಾ? ಎಲ್ಲಿ ಸಿಗುತ್ತೆ?"

"ನಿಮ್ಮಪ್ಪನ ಟ್ರಂಕಲ್ಲಿ ನೋಡು" ಅಂದೆ. "ಸಿಕ್ಕಿದ್ರೆ ಮಾರ್ಕರ್ ಮಾತ್ರ ಮುಟ್ಟಬೇಡ."