ಜಾಗದೊಡೆಯರಿಗೆ ಪಥ್ಯ

"ಇವತ್ತಿನಿಂದ ಒಂದೇ ಒಂದು ಹನಿ ಸಿಹಿ ಪಾನೀಯವೂ ಈ ಮನೆಯ ಹೊಸ್ತಿಲು ದಾಟಕೂಡದು!"

ಸೋಮವಾರ ಬೆಳಿಗ್ಗೆ ಮಾನೋಪ್ ಹೀಗೆ ಘೋಷಿಸಿದಾಗ ಅವನ ಎಡಗೈಯಲ್ಲಿ ಹಲ್ಲುಜ್ಜುವ ಬ್ರಷ್ಷಿತ್ತು, ಬಲಗೈ ಆಕಾಶಕ್ಕೆ ಚಾಚಿತ್ತು. ಗಲ್ಲದ ಮೇಲಿನ ನೊರೆಯನ್ನು ಬಿಟ್ಟರೆ ಸಾಕ್ಷಾತ್ ಸೇನಾಪತಿಯೇ!

ಪಿಚಿತ್ ಸೀಮೆಯ ಆ ಹಳ್ಳಿಯಲ್ಲಿ ಮಾನೋಪ್ ಹೊಟ್ಟೆಪಾಡಿಗೆ ಫ್ಯಾನು ರಿಪೇರಿ ಮಾಡುತ್ತಿದ್ದ. ಹೆಮ್ಮೆಗೆ ಊರಿನ ಆರೋಗ್ಯ ಸ್ವಯಂಸೇವಕನಾಗಿದ್ದ. ವಾರಕ್ಕೊಂದು ಪೀರಿಯಡ್ ಶಾಲೆಗೆ ಹೋಗಿ ಮೂರನೇ ತರಗತಿಗೆ ಪೂರ್ಣ ಆರೋಗ್ಯದ ಪಾಠ ಹೇಳುತ್ತಿದ್ದ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಮೀನೋ ಮೊಟ್ಟೆಯೋ. ಅದರ ಜೊತೆಗೆ ನಿದ್ದೆ, ಆಟ, ಸ್ನೇಹ. ಸಿಹಿ ತಿಂದರೆ ಬಾಯಿ ಮುಕ್ಕಳಿಸಬೇಕು. ಊಟದ ಹೊತ್ತಿಗೆ ಮನಸ್ಸು ಹಗುರವಾಗಿರಬೇಕು. ಪಾಠ ಮೆಚ್ಚಿದ ರಚ್ಚನೀ ಟೀಚರ್, "ಬರೋ ಶುಕ್ರವಾರ ಮೂವತ್ತೊಂದು ಮಕ್ಕಳನ್ನೂ ನಿಮ್ಮ ಮನೆಗೇ ಕರ್ಕೊಂಡು ಬರ್ತೀನಿ. ಆರೋಗ್ಯವಂತ ಮನೆ ಹೇಗಿರುತ್ತೆ ಅಂತ ಕಣ್ಣಾರೆ ನೋಡಲಿ" ಎಂದುಬಿಟ್ಟಿದ್ದರು. ಆ ಮೂವತ್ತೊಂದರಲ್ಲಿ ಮಾನೋಪನ ಮಗಳು ಮಪ್ರಾಂಗಳೂ ಒಬ್ಬಳು.

ಘೋಷಣೆ ಕೇಳಿದ ಅತ್ತೆ ಸಮ್ಲೀ ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಅಳಿಯಂದಿರೇ, ಹಾಗಾದ್ರೆ ಜಾಗದೊಡೆಯರಿಗೆ?"

ಅಂಗಳದ ಕಂಬದ ಮೇಲಿನ ಪುಟ್ಟ ಗುಡಿಯಲ್ಲಿ ಮನೆಯ ಜಾಗ ಕಾಯುವ ಒಡೆಯರು ವಾಸವಾಗಿದ್ದಾರೆ. ದಿನಾ ಬೆಳಿಗ್ಗೆ ಅವರಿಗೆ ಊದುಬತ್ತಿ, ಹೂವು, ಮುಚ್ಚಳ ತೆಗೆದು ಸ್ಟ್ರಾ ಇಟ್ಟ ಒಂದು ಬಾಟಲಿ ಕೆಂಪು ಸೋಡಾ. ಇದು ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಏರ್ಪಾಡೆಂದು ಅಜ್ಜಿ ಹೇಳುತ್ತಾರೆ. ಅಷ್ಟು ಹಿಂದೆ ಸ್ಟ್ರಾ ಇತ್ತೇ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

"ಒಡೆಯರಿಗೆ ಮಾತ್ರ ವಿನಾಯಿತಿ" ಎಂದ ಮಾನೋಪ್ ಉದಾರವಾಗಿ. "ಆದ್ರೆ ಆಮೇಲೆ ಅದನ್ನ ಯಾರೂ ಕುಡೀಬಾರ್ದು. ಸಂಜೆ ನಾನೇ ಮಾವಿನ ಮರದ ಬುಡಕ್ಕೆ ಸುರೀತೀನಿ."

ಅಜ್ಜಿ ಗುಡಿಯ ಕಡೆಗೊಮ್ಮೆ ನೋಡಿ ಮತ್ತೆ ಜಗಿಯತೊಡಗಿದರು. ಅನುಮಾನ ಹುಟ್ಟಬೇಕಾಗಿದ್ದದ್ದು ಅಲ್ಲೇ! ಆದರೆ ಮಾನೋಪ್ ಆಗ ಬಾಯಿ ತೊಳೆಯಲು ಹೋಗಿದ್ದ.

ಸಂಜೆ ಅಂಗಡಿ ಮುಚ್ಚಿ ಬಂದು ನೋಡಿದರೆ ಬಾಟಲಿ ಅರ್ಧ ಖಾಲಿ! ಬಿಸಿಲಿಗೆ ಆರಿತೇ? ಮುಚ್ಚಳ ತೆಗೆದ, ಆದರೆ ಸ್ಟ್ರಾ ಇಡದ ಇನ್ನೊಂದು ಬಾಟಲಿಯನ್ನು ಮಂಗಳವಾರ ಇಡೀ ದಿನ ಅದರ ಪಕ್ಕದಲ್ಲೇ ಬಿಸಿಲಿಗಿಟ್ಟ. ಅದು ಒಂದು ಗೆರೆಯಷ್ಟೂ ಇಳಿಯಲಿಲ್ಲ. ಒಡೆಯರ ಬಾಟಲಿ ಮಾತ್ರ ಮತ್ತೆ ಅರ್ಧ. ಅಂದಮೇಲೆ ಕಳ್ಳತನಕ್ಕೆ ಸ್ಟ್ರಾ ಬೇಕು. ಸ್ಟ್ರಾ ಹಿಡಿಯಲು ಬಾಯಿ ಬೇಕು. ಮನೆಯಲ್ಲಿ ಅವನದನ್ನು ಬಿಟ್ಟು ನಾಲ್ಕು ಬಾಯಿಗಳಿದ್ದವು.

ಅಂದಿನಿಂದ ಅವನಿಗೆ ಎಲ್ಲವೂ ಸುಳಿವೇ. ಹೆಂಡತಿ ಬುಸಬಾ ಕೆಮ್ಮಿದರೆ ಅನುಮಾನ. ಆರು ವರ್ಷದ ಮಗ ಕ್ಲಾ ತೇಗಿದರೆ ಖಾತ್ರಿ. ಎಲ್ಲಕ್ಕಿಂತ ಮಿಗಿಲಾಗಿ ಮಪ್ರಾಂಗ್! ಊಟಕ್ಕೆ ಕೂತರೆ ಶಾಲೆಯ ಸುದ್ದಿಯನ್ನು ಗಂಟೆಯಿಂದ ಗಂಟೆಗೆ ಬಿತ್ತರಿಸುತ್ತಿದ್ದ ಹುಡುಗಿ ಈಗ ತಟ್ಟೆ ನೋಡಿಕೊಂಡು ತುಟಿ ಬಿಗಿದು ತಿನ್ನುತ್ತಿದ್ದಳು. ಮಾತಾಡದ ಮಗು ಎಂದರೆ ತಪ್ಪು ಮಾಡಿದ ಮಗು ಎಂದೇ ಅವನು ತೀರ್ಮಾನಿಸಿದ. ಅವನಿಗೆ ಸಂಕಟವೂ ಆಯಿತು. ಸ್ವಂತ ಮಗಳೇ ಕದ್ದು ಕುಡಿಯುತ್ತಿದ್ದರೆ ಶುಕ್ರವಾರ ಉಳಿದ ಮೂವತ್ತು ಮಕ್ಕಳಿಗೆ ಯಾವ ಮುಖ ಹೊತ್ತು ಪಾಠ ಹೇಳುವುದು?

ಬುಧವಾರ ಸಂಜೆ ನಾಲಿಗೆ ತಪಾಸಣೆ.

"ಸಾಲಾಗಿ ನಿಲ್ಲಿ. ಕೆಂಪು ಬಣ್ಣ ಸುಳ್ಳು ಹೇಳಲ್ಲ. ಹ್ಞಾಂ, ಚಾಚಿ!"

ಮಪ್ರಾಂಗಳ ನಾಲಿಗೆ ಶುಭ್ರವಾಗಿತ್ತು. ಅತಿಯಾಗಿ ಶುಭ್ರ! ಅದೇ ಅನುಮಾನಕ್ಕೆ ಕಾರಣ. ಅವಳು "ಅಪ್ಪಾ..." ಎಂದಳು.

"ಮಾತು ಆಮೇಲೆ. ಮೊದಲು ಪೂರ್ತಿ ಚಾಚು."

ಕ್ಲಾನ ನಾಲಿಗೆ ನೀಲಿಯಾಗಿತ್ತು, ಪೆನ್ನು ಕಚ್ಚಿದ್ದ. ಅಜ್ಜಿ ಗುಹೆಯ ಹಾಗೆ ಬಾಯಿ ತೆರೆದರು. ಅರುವತ್ತು ವರ್ಷಗಳ ಎಲೆಯಡಿಕೆಯ ಕೆಂಪು ಅಲ್ಲಿ ಧಗಧಗಿಸುತ್ತಿತ್ತು. ಆ ಬಾಯಿಯೊಳಗೆ ಒಂದು ಲಾರಿ ಸೋಡಾ ಸುರಿದರೂ ಪತ್ತೆಯಾಗುವಂತಿರಲಿಲ್ಲ.

"ಬುಸಬಾ, ಈಗ ನೀನು."

"ನನ್ನ ನಾಲಿಗೆ ನೋಡೋದಲ್ಲ ರೀ, ಕೇಳಿಸ್ಕೊಳ್ಳೋದು!" ಎಂದಳು ಬುಸಬಾ ಸೌಟು ಹಿಡಿದು. "ಎರಡು ದಿನದಿಂದ ಮಕ್ಕಳು ಕಳ್ಳರ ಥರ ಉಣ್ತಿದಾರೆ. ನೀವು ಪೊಲೀಸಿನವರ ಥರ ಬಡಿಸ್ತಿದೀರಿ. ಇದು ಮನೆಯೋ ಠಾಣೆಯೋ?"

ತಪಾಸಣೆ ಅಷ್ಟಕ್ಕೇ ಮೊಟಕಾಯಿತು.

ಗುರುವಾರ ಮಾನೋಪ್ ಬ್ರಹ್ಮಾಸ್ತ್ರ ತೆಗೆದ. ಬಾಟಲಿಯೇ ಇಲ್ಲದಿದ್ದರೆ ಕಳ್ಳ ಏನನ್ನು ಕದ್ದಾನು? ಅಜ್ಜಿ ಸಂತೆಗೆ ಹೋದ ಹೊತ್ತು ನೋಡಿ ಗುಡಿಯ ಮುಂದಿನ ಬಾಟಲಿ ತೆಗೆದು ತಟ್ಟೆಯಿಟ್ಟ. ಅರ್ಧ ಭಾಗ, ಬೇಯಿಸಿದ ಸೊಪ್ಪು ಮತ್ತು ಅಲಸಂದೆಕಾಯಿ. ಕಾಲು ಭಾಗ ಅನ್ನ. ಕಾಲು ಭಾಗ ಹಬೆಯಲ್ಲಿ ಬೇಯಿಸಿದ ಮೀನು. ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರು, ಒಂದು ಲೋಟ. "ಒಡೆಯರೇ, ನಿಮ್ಮ ಆರೋಗ್ಯದ ಬಗ್ಗೆಯೂ ನಮಗೆ ಕಾಳಜಿ ಇದೆ" ಎಂದು ಕೈಮುಗಿದ.

ಅಜ್ಜಿ ಬಂದು ನೋಡಿ ಚೀಲವನ್ನು ಅಲ್ಲೇ ಕೆಳಗೆ ಬಿಟ್ಟರು.

"ಅಯ್ಯಯ್ಯೋ! ಮನೆ ಕಾಯೋರಿಗೆ ಪಥ್ಯಾನಾ? ಅವರಿಗೇನು ಬಾಣಂತನವಾ?"

ಹತ್ತು ಗಂಟೆಗೆ ನೀರಿನ ಪಂಪು ಗೊರಕೆ ಹೊಡೆದು ನಿಂತಿತು. ಹನ್ನೊಂದಕ್ಕೆ ಮಾವಿನ ಕೊಂಬೆ ಮುರಿದು ಕೋಳಿಗೂಡಿನ ಮೇಲೆ ಬಿತ್ತು. ಹೆದರಿದ ಕೋಳಿಗಳು ನೆರೆಮನೆಯ ತೊಂಗ್‌ಬಾಯ್ ದೊಡ್ಡಮ್ಮನ ಅಂಗಳಕ್ಕೆ ನುಗ್ಗಿ, ಒಣಗಲು ಹರಡಿದ್ದ ಮೆಣಸಿನಕಾಯಿಯನ್ನೆಲ್ಲ ಕೆದರಿ ಹಾಕಿದವು. ಪಂಪು ಹಳೆಯದು, ಕೊಂಬೆ ಒಣಗಿದ್ದು ಎಂದು ಮಾನೋಪ್ ವಿವರಿಸಿದ. ಕೇಳುವವರು ಯಾರು?

"ನಿನ್ನ ಪಾಠ ಶಾಲೇಲಿ ಇಟ್ಕೋಪ್ಪ" ಎಂದರು ತೊಂಗ್‌ಬಾಯ್ ದೊಡ್ಡಮ್ಮ ಬೇಲಿಯಾಚೆಯಿಂದ. "ನಿಮ್ಮ ಒಡೆಯರಿಗೆ ಕೋಪ ಬಂದ್ರೆ ನಮ್ಮ ಬೇಲಿ ನೋಡಿ ನಿಲ್ಲುತ್ತಾ?" ಎಂದವರೇ ಒಂದು ಬಾಟಲಿ ಕೆಂಪು ಸೋಡಾ ತಂದು, ಸ್ಟ್ರಾ ಸಿಕ್ಕಿಸಿ ಗುಡಿಯ ಮುಂದಿಟ್ಟರು.

ಸುದ್ದಿ ಓಡಿತು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಬೀದಿಯ ಪ್ರತಿ ಮನೆಯವರೂ ಬಂದು ಸಮಾಧಾನದ ಸೋಡಾ ಇಟ್ಟು ಹೋಗಿದ್ದರು. ಗುಡಿ ತುಂಬಿ, ಮೆಟ್ಟಿಲು ತುಂಬಿ, ಅಂಗಳದವರೆಗೆ ಕೆಂಪು ಸೈನ್ಯ ನಿಂತಿತ್ತು. ಮಾನೋಪ್ ಎಣಿಸಿದ: ನಲವತ್ತಮೂರು. ಮುಟ್ಟಿದರೆ ಊರೇ ಮೈಮೇಲೆ ಬೀಳುತ್ತದೆ. ದುಪ್ಪಟಿ ಮುಚ್ಚಲೇ ಎಂದು ಯೋಚಿಸುತ್ತಿರುವಾಗಲೇ ಬೇಲಿಯ ಬಾಗಿಲು ಕಿರ್ರೆಂದಿತು. ರಚ್ಚನೀ ಟೀಚರ್, ಹಿಂದೆ ಜೋಡಿ ಜೋಡಿಯಾಗಿ ಮೂರನೇ ತರಗತಿ!

ಮಕ್ಕಳೆಲ್ಲ ಸೋಡಾ ಸಾಲನ್ನು ನೋಡಿದರು. ಆಮೇಲೆ ದಪ್ಪ ಕನ್ನಡಕದ ಒಬ್ಬ ಹುಡುಗಿ ವಿನಯದಿಂದ ಕೈಯೆತ್ತಿದಳು. "ಮಾನೋಪ್ ಮಾಮಾ, ಇದು ತಟ್ಟೆಯ ಅರ್ಧ ಭಾಗಾನಾ, ಕಾಲು ಭಾಗಾನಾ?"

ಮಾನೋಪನ ಕಿವಿ ಸೋಡಾದ ಬಣ್ಣಕ್ಕೆ ತಿರುಗಿತು. ಬೇರೆ ದಾರಿ ಕಾಣದೆ ಅವನು ವಾರದ ಕಥೆಯನ್ನೆಲ್ಲ ಒಪ್ಪಿಸಿ, "ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ಲ ಟೀಚರ್" ಎಂದು ಮುಗಿಸಿದ.

"ಯಾವ ಕಳ್ಳ?" ಜಗಲಿಯಿಂದ ಅಜ್ಜಿಯ ದನಿ ಬಂತು. "ಊದುಬತ್ತಿ ಆರಿದ ಮೇಲೆ ಒಡೆಯರ ಅಪ್ಪಣೆ ಕೇಳಿ ನಾನೇ ಇಳಿಸ್ತೀನಿ. ಮಕ್ಕಳಿಗೆ ಒಂದೊಂದು ಗುಟುಕು, ನಂಗೂ ಒಂದಿಷ್ಟು, ಮಿಕ್ಕ ಅರ್ಧ ಮತ್ತೆ ಒಡೆಯರ ಮುಂದೆ. ಒಡೆಯರ ಪ್ರಸಾದವನ್ನೆಲ್ಲ ಮರಕ್ಕೆ ಬಿಡೋಕೆ ನಂಗೆ ಮನಸ್ಸು ಬರಲಿಲ್ಲಪ್ಪ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ ಅಂತ ಅವರಿಗೆ ನಾನು ಹೇಳೋದೇ ಬೇಡ, ತಾವಾಗೇ ಮಾಡ್ತಾರೆ. ಯಾರು ಕಲಿಸಿದ್ರೋ, ಒಳ್ಳೇ ಪಾಠ."

"ಮತ್ತೆ ನಂಗೆ ಹೇಳಬಾರದಿತ್ತಾ ಅತ್ತೆ?"

"ನೀವು ಕೇಳಿದ್ರಾ?"

ಟೀಚರ್ ಮಪ್ರಾಂಗಳ ಕಡೆ ಬಾಗಿದರು. "ಮಗೂ, ನೀನಾದ್ರೂ ಅಪ್ಪನಿಗೆ ಹೇಳಬಹುದಿತ್ತಲ್ಲ?"

ಮಪ್ರಾಂಗ್ ಅಪ್ಪನನ್ನು ನೋಡಿದಳು, ಟೀಚರನ್ನು ನೋಡಿದಳು. "ಹೇಳೋಕೆ ಹೋದೆ ಟೀಚರ್. ಅಪ್ಪ ನಾಲಿಗೆ ಚಾಚು ಅಂದ್ರು. ನಾಲಿಗೆ ಹೊರಗಿರುವಾಗ ಮಾತು ಹೇಗೆ ಬರುತ್ತೆ?"

ಮೂವತ್ತು ಮಕ್ಕಳೂ ಒಟ್ಟಿಗೆ ನಾಲಿಗೆ ಚಾಚಿ ಮಾತಾಡಿ ಪರೀಕ್ಷಿಸಿದರು. ಬರಲಿಲ್ಲ. ನಗು ಬಂತು. ಬೇಲಿಯಾಚೆ ತೊಂಗ್‌ಬಾಯ್ ದೊಡ್ಡಮ್ಮನೂ ಪರೀಕ್ಷಿಸುತ್ತಿದ್ದರು.

"ಮಾನೋಪ್ ಅವರೇ," ಎಂದರು ಟೀಚರ್ ಕಣ್ಣೊರೆಸಿಕೊಳ್ಳುತ್ತ, "ಮನಸ್ಸು ಹಗುರವಾಗಿರಬೇಕು ಅನ್ನೋ ಪಾಠ ಇತ್ತಲ್ಲ, ಅದನ್ನ ಮುಂದಿನ ವಾರ ಇನ್ನೊಂದ್ಸಲ ಮಾಡೋಣ. ನೀವೂ ಬೆಂಚಿನ ಮೇಲೆ ಕೂತ್ಕೊಳ್ಳಿ."

ಅಂದು ಸಂಜೆ ಊಟಕ್ಕೆ ಕೂತಾಗ ಮಾನೋಪ್ ಯಾರ ತಟ್ಟೆಯನ್ನೂ ನೋಡಲಿಲ್ಲ. ನೋಡದಿರಲು ಅವನ ಕತ್ತು ನೋಯುತ್ತಿತ್ತು. ಕೊನೆಗೆ ಮೆಲ್ಲಗೆ, "ಇವತ್ತು ಶಾಲೇಲಿ ಏನಾಯ್ತು ಪುಟ್ಟಿ?" ಎಂದು ಕೇಳಿದ.

ಕಟ್ಟೆ ಒಡೆಯಿತು! ನಾಲ್ಕು ದಿನಗಳ ಸುದ್ದಿ ಒಂದೇ ಉಸಿರಿಗೆ: ಟೀಚರ ಚೀಲಕ್ಕೆ ನುಗ್ಗಿದ ಕಪ್ಪೆ, ಹಿಂದಿನ ಬೆಂಚಿನವಳ ಜಡೆ, ಕಪ್ಪೆಗೆ ಇಟ್ಟ ಹೆಸರು. ಅವಳ ಬಾಯಿಂದ ಅನ್ನದಗುಳುಗಳು ನಾಲ್ಕೂ ದಿಕ್ಕಿಗೆ ಹಾರುತ್ತಿದ್ದವು. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದು! ಮಾನೋಪನೊಳಗಿನ ಸ್ವಯಂಸೇವಕ ತಟಕ್ಕನೆ ಎದ್ದ. ತೋರುಬೆರಳು ಮೇಲೇರಿತು, ಬಾಯಿ ತೆರೆಯಿತು.

ತೆರೆದ ಬಾಯಿಗೆ ಬುಸಬಾ ದೊಡ್ಡದೊಂದು ತುತ್ತು ಸೊಪ್ಪು ತುರುಕಿದಳು.

"ಮೂವತ್ತೆರಡು ಸಲ ಅಗೀರಿ" ಎಂದಳು. "ಅಷ್ಟರೊಳಗೆ ಅವಳ ಕಥೆ ಮುಗಿಯುತ್ತೆ."